ಕಂಚು ಕರಗಿತು, ಕಲ್ಲು ಉಳಿಯಿತು

ನಿಟ್ಟೆಯಿಂದ ಕಾರ್ಕಳದ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಬಂಡೆಗುಡ್ಡದ ಮೇಲಿನ ಗೊಮ್ಮಟನ ಊರು ಬರುತ್ತೆ. ಪ್ರತಿ ಸಲ ಆತನನ್ನು ನೋಡಿದಾಗಲೂ ನನಗೊಂದು ಪ್ರಶ್ನೆ. ಈತ ಅಸಲಾ, ನಕಲಾ?

ಲೆಕ್ಕ ನೋಡಿ. ಚಾವುಂಡರಾಯ ಶ್ರವಣಬೆಳಗೊಳದಲ್ಲಿ 58 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ್ದು 10ನೇ ಶತಮಾನದ ಕೊನೆಯಲ್ಲಿ. ಅದೇ ರೂಪವನ್ನು ವೀರಪಾಂಡ್ಯ ಭೈರರಸ ಕಾರ್ಕಳಕ್ಕೆ ತಂದಿದ್ದು 1432ರಲ್ಲಿ. ವೇಣೂರಿನಲ್ಲಿ ತಿಮ್ಮಣ್ಣ ಅಜಿಲ, 1604. ಧರ್ಮಸ್ಥಳದ 39 ಅಡಿಯ ಮೂರ್ತಿ ಕೆತ್ತಿದವರು ಕಾರ್ಕಳದವರೇ ಆದ ರೆಂಜಾಳ ಗೋಪಾಲಕೃಷ್ಣ ಶೆಣೈ. ಅದರ ಪ್ರತಿಷ್ಠೆ 1982ರಲ್ಲಿ. ಸಾವಿರ ವರ್ಷ, ಒಂದೇ ರೂಪ. ಯಾರಾದರೂ ನಕಲಿ ಅಂದರಾ? ಇಲ್ಲ. ಕೈ ಮುಗಿದರು.

ರೋಮ್‌ನಲ್ಲೂ ಇದೇ ಆಯ್ತು. ಗ್ರೀಕರು ತಮ್ಮ ದೇವರುಗಳನ್ನು ಕಂಚಿನಲ್ಲಿ ಎರಕ ಹೊಯ್ದರು. ರೋಮನ್ನರು ಮಾರುಹೋಗಿ ಅಮೃತಶಿಲೆಯಲ್ಲಿ ಪ್ರತಿ ಮಾಡಿಸಿದರು. ಆಮೇಲೆ? ಕಂಚನ್ನು ಜನ ಕರಗಿಸಿದರು, ಆಯುಧಕ್ಕೆ, ನಾಣ್ಯಕ್ಕೆ. ಉಳಿದದ್ದರಲ್ಲಿ ಕೆಲವು ಸಮುದ್ರಕ್ಕೆ ಬಿದ್ದು ಬದುಕಿದವು. ಉಳಿದ ಎಷ್ಟೋ ದೇವರ ಮುಖ ಇವತ್ತು ನಮಗೆ ಗೊತ್ತಿರೋದು ಆ ಕಲ್ಲಿನ ಪ್ರತಿಗಳಿಂದ. ವ್ಯಾಟಿಕನ್‌ನಲ್ಲಿರುವ ಅಪೊಲೊ ಮೂರ್ತಿ ಅಂಥದ್ದು.

ಅಪೊಲೊನ ಕಾಲ ಪಕ್ಕ ಒಂದು ಮರದ ಬೊಡ್ಡೆ ಇದೆ. ಯಾಕೆ? ಕಂಚು ಒಳಗೆ ಪೊಳ್ಳು, ಸಣ್ಣ ಪಾದದ ಮೇಲೂ ನಿಲ್ಲುತ್ತೆ. ಅಮೃತಶಿಲೆಯ ಕಣಕಾಲು ಅಷ್ಟು ಭಾರ ತಡೆಯಲ್ಲ, ಆಸರೆ ಬೇಕು. ನಮ್ಮ ಗೊಮ್ಮಟನ ಕಾಲ ಬಳಿ ಹುತ್ತ ಇಲ್ವಾ? ಅದು ತಪಸ್ಸಿನ ಕತೆಗೂ ಬೇಕು, ಕಲ್ಲಿಗೂ ಬೇಕು. ಮುಖ್ಯ ಮಾತೇನು ಗೊತ್ತಾ? ಆ ಬೊಡ್ಡೆಯನ್ನು ಶಿಲ್ಪಿ ಬಚ್ಚಿಡಲಿಲ್ಲ. ನಾನು ಕಲ್ಲು ಅಂತ ಕಲ್ಲೇ ಹೇಳ್ತಿದೆ.

ಈಗ ಇದೇ ಕಾರ್ಕಳ ತಾಲೂಕಿನ ಬೈಲೂರಿಗೆ ಬನ್ನಿ. ಉಮಿಕ್ಕಳ ಬೆಟ್ಟದ ಮೇಲೆ 2023ರ ಜನವರಿಯಲ್ಲಿ ಪರಶುರಾಮ ಮೂರ್ತಿ ಅನಾವರಣವಾಯ್ತು. ಕಂಚಿನದ್ದು ಅಂದರು. ಅದೇ ವರ್ಷ ಜನ ಕೇಳಿದರು: ಇದು ಕಂಚೇ ಹೌದಾ? ಮೂರ್ತಿಯ ಮೇಲ್ಭಾಗ ಕೆಳಗಿಳಿಯಿತು, ವಿವಾದ ಕೋರ್ಟ್ ಮೆಟ್ಟಿಲು ಹತ್ತಿತು. ತೀರ್ಪು ಕೊಡೋದು ನನ್ನ ಕೆಲಸ ಅಲ್ಲ.

ಆದರೆ ಜನರ ಪ್ರಶ್ನೆ ಸರಿಯಾಗಿತ್ತು. ಕಲ್ಲನ್ನು ಕಲ್ಲು ಅಂದರೆ ಕೈ ಮುಗಿಯುತ್ತೇವೆ. ಪ್ರತಿಯನ್ನು ಪ್ರತಿ ಅಂದರೂ ಮುಗಿಯುತ್ತೇವೆ. ಕಂಚು ಅಂತ ಹೇಳಿ ಜನರ ದುಡ್ಡು ಖರ್ಚು ಮಾಡಿದ ಮೇಲೆ, ಅದು ಕಂಚೇ ಆಗಿರಬೇಕು. ಅಷ್ಟೇ.