ಚತುರ್ಥಿ ವಿಭಕ್ತಿಯ ಮನುಷ್ಯ

‘ನಾನೊಬ್ಬ ಫಲಾನುಭವಿ’ ಎಂದು ಯಾರಾದರೂ ಹೇಳಿಕೊಂಡದ್ದನ್ನು ಕೇಳಿದ್ದೀರಾ? ಹುಬ್ಬಳ್ಳಿಯ ಬೆಂಗೇರಿ ಸಂತೆಯಲ್ಲಿ ಕಾಯಿಪಲ್ಲೆ ಮಾರುವಾಕೆಯಾದರೆ ‘ಕಾರ್ಡಿನ ಮ್ಯಾಲ ಆಪರೇಷನ್ ಆತ್ರೀ’ ಅಂದಾಳು. ಕಾರ್ಡೂ ಅವಳದು, ಆಪರೇಷನ್ನೂ ಅವಳದು. ಪತ್ರಿಕೆಗೆ ಬರುವಷ್ಟರಲ್ಲಿ ಮಾತ್ರ ಆಕೆ ಫಲಾನುಭವಿ.

ನಮ್ಮ ಮಾತಿನಲ್ಲಿ ಫಲದ ಹಿಂದೆ ಒಂದು ಕರ್ಮ ಇದ್ದೇ ಇರುತ್ತದೆ. ಮಾಡಿದ್ದುಣ್ಣೋ ಮಹಾರಾಯ. ಸರ್ಕಾರಿ ಪದ ಆ ಮಾಡಿದ್ದನ್ನು ಒರೆಸಿ ಉಣ್ಣುವುದನ್ನಷ್ಟೇ ಉಳಿಸಿಕೊಂಡಿತು. ಬಿತ್ತಿದವರು ಯಾರು ಎಂದು ಪದ ಹೇಳುವುದಿಲ್ಲವಾದ್ದರಿಂದ ವೇದಿಕೆ ಮೇಲೆ ನಿಂತವರೇ ಬಿತ್ತಿದರೆಂದು ಓದುಗ ತಿಳಿಯುತ್ತಾನೆ.

ವ್ಯಾಕರಣ ನೋಡಿ. ‘ಫಲಾನುಭವಿಗಳಿಗೆ ಸೌಲಭ್ಯ ವಿತರಣೆ’. ಈ ಪದಕ್ಕೆ ಚತುರ್ಥಿ ವಿಭಕ್ತಿಯೇ ಮನೆ. ಪ್ರಥಮಾ ವಿಭಕ್ತಿಗೆ ಬಂದು ತಾನೇ ಏನಾದರೂ ಮಾಡುವುದು ಅಪರೂಪ. ಮಾಡಿದರೂ ಕೃತಜ್ಞತೆ ಸಲ್ಲಿಸುತ್ತದೆ, ಇಲ್ಲವೇ ವಂಚಿಸುತ್ತದೆ. ವಿಶೇಷಣಗಳೂ ಅಷ್ಟೇ: ಅರ್ಹ, ಅನರ್ಹ, ನಕಲಿ. ಸರ್ಕಾರಿ ನೌಕರರಿಗೆ ನಗದುರಹಿತ ಚಿಕಿತ್ಸೆ ಸಿಕ್ಕ ಸುದ್ದಿಯಲ್ಲಿ ಅವರು ಸಾಮಾನ್ಯವಾಗಿ ನೌಕರರಾಗಿಯೇ ಉಳಿಯುತ್ತಾರೆ.

ಬೆಂಗೇರಿಯಲ್ಲೇ ಇದಕ್ಕೆ ತದ್ವಿರುದ್ಧದ ಚಿತ್ರವೂ ಇದೆ. 1957ರಲ್ಲಿ ಶುರುವಾದ, ರಾಷ್ಟ್ರಧ್ವಜ ಹೊಲಿಯುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಅಂಗಳಕ್ಕೆ ಆಗಸ್ಟ್ ಬಂತೆಂದರೆ ಕ್ಯಾಮೆರಾಗಳು ಬರುತ್ತವೆ. ತುಳಸಿಗೇರಿ ಕಡೆಯಿಂದ ಬಂದ ಬಟ್ಟೆ, ಬಗ್ಗಿ ಕೂತ ಹೆಣ್ಣುಮಕ್ಕಳು, ಎರಡೂ ಮಗ್ಗುಲಲ್ಲಿ ಕೂದಲೆಳೆಯಷ್ಟೂ ತಪ್ಪದೆ ಕೂರಬೇಕಾದ ಅಶೋಕ ಚಕ್ರ. ಅಲ್ಲಿ ಅವರ ಕಣ್ಣು ಹೊಲಿಗೆಯ ಮೇಲೆ. ಯೋಜನೆಯ ಚಿತ್ರದಲ್ಲಾದರೆ ಅಂಥದೇ ಹೆಣ್ಣುಮಗಳು ಗಣ್ಯರ ಪಕ್ಕ ಕಾರ್ಡು ಹಿಡಿದು ಕ್ಯಾಮೆರಾ ನೋಡಬೇಕು. ಹಾಗಂತ ಗೌರವದ ಚಿತ್ರವೊಂದೇ ಯಾರನ್ನೂ ಕಾಯದು. 2021ರ ಕೊನೆಗೆ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್‌ಗೂ ಅನುಮತಿ ಕೊಟ್ಟಾಗ ಬೆಂಗೇರಿಯ ಫೋಟೊಗಳು ಅದನ್ನು ತಡೆಯಲಿಲ್ಲ.

ಆದರೂ ಚಿತ್ರಕ್ಕೆ ತೂಕವಿದೆ. ಅಮೆರಿಕದ ವಾರಪತ್ರಿಕೆಗಳ ಫೋಟೊಗಳನ್ನು ಎಣಿಸಿದ ಮಾರ್ಟಿನ್ ಗಿಲೆನ್ಸ್ 1999ರ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ. ಅಲ್ಲಿನ ಬಡವರಲ್ಲಿ ಕಪ್ಪು ಜನ ಮೂರನೇ ಒಂದು ಪಾಲಿಗಿಂತ ಕಡಿಮೆ. ಫೋಟೊಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಆ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಬಡವರ ಯೋಜನೆ ಕತ್ತರಿಸುವುದು ಸಲೀಸು.

ನಮ್ಮಲ್ಲಿ 2024ರ ನವೆಂಬರ್ ನೆನಪಿಸಿಕೊಳ್ಳಿ. ಬಿಪಿಎಲ್ ಕಾರ್ಡುಗಳ ರದ್ದತಿ ಶುರುವಾದಾಗ ಸುದ್ದಿಯ ನಾಯಕ ‘ಅನರ್ಹ ಫಲಾನುಭವಿ’. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ. ಅಂದರೆ ರೇಷನ್ ಅಂಗಡಿಯಲ್ಲಿ ಹೋದ ಕಾರ್ಡಿನ ಪೆಟ್ಟು ಬೀಳುವುದು ಆಸ್ಪತ್ರೆಯ ಆರೋಗ್ಯ ಮಿತ್ರನ ಮೇಜಿನೆದುರು. ಕಾರ್ಡು ಬದಲಾಗಿ ಚಿಕಿತ್ಸೆಗೆ ಪರದಾಡಿದವರ ಕಥೆಗಳು ಬಂದದ್ದೇ ಸುದ್ದಿಯ ನಾಯಕ ಬದಲಾದ: ಈಗ ಅವನು ರೋಗಿ. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುವುದಾಗಿ ಸರ್ಕಾರ ಹೇಳಿತು. ವಿರೋಧ ಪಕ್ಷಗಳ ಗದ್ದಲವೂ ಇತ್ತು, ಸುದ್ದಿಯೊಂದೇ ಕಾರಣ ಎನ್ನಲಾರೆ. ಆದರೆ ‘ಅನರ್ಹ ಫಲಾನುಭವಿ’ ಎಂದು ಸರಾಗವಾಗಿ ಬರೆಯುವ ಉಪಸಂಪಾದಕನಿಗೆ ‘ಅನರ್ಹ ರೋಗಿ’ ಎಂದು ಬರೆಯಲು ಕೈ ಬಾರದು.

ಇನ್ನು ಯಶಸ್ವಿನಿ ಆರೋಗ್ಯ ಯೋಜನೆ. 2003ರಲ್ಲಿ ಸಹಕಾರ ಸಂಘಗಳ ಮೂಲಕ, ವರ್ಷಕ್ಕೆ 60 ರೂಪಾಯಿ ವಂತಿಗೆಯಲ್ಲಿ ಹುಟ್ಟಿದ್ದು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ ಹೆಸರೇ ಅಳಿಯಿತು. ಸಹಕಾರಿಗಳು ಮಾತ್ರ ಅದನ್ನು ಮರೆಯಲಿಲ್ಲ. 2022ರ ನವೆಂಬರ್‌ನಲ್ಲಿ ನೋಂದಣಿ ಮತ್ತೆ ಶುರುವಾಯಿತು. ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000. ಅಲ್ಲಿ ಜನ ಸದಸ್ಯರು. ರೊಕ್ಕ ಕಟ್ಟಿದವನು ಸೊಸೈಟಿ ಕಟ್ಟೆಗೆ ಬಂದು ‘ನನ್ನ ಯೋಜನಾ ಎಲ್ಲಿ ಹೋತು’ ಎಂದು ಜಗಳ ತೆಗೆಯಬಲ್ಲ. ಬಿಪಿಎಲ್ ಕಾರ್ಡಿನಾಕೆಯೂ ಸೋಪಿಗೆ, ಬೆಂಕಿಪೊಟ್ಟಣಕ್ಕೆ ಜಿಎಸ್‌ಟಿ ಕಟ್ಟುತ್ತಲೇ ಇದ್ದಾಳೆ. ಅವಳಿಗೆ ರಶೀದಿ ಕೊಟ್ಟವರಿಲ್ಲ ಅಷ್ಟೇ.