ಗೋಖಲೆ ರಸ್ತೆಯ ಸನ್ನದು

ನಮ್ಮಲ್ಲಿ ಹಲವರ ಹೆಸರಿನ ಮುಂದಿರುವ ‘ಚಾರ್ಟರ್ಡ್ ಇಂಜಿನಿಯರ್’ ಬಿರುದಿಗೂ ನಮ್ಮ ಕಲ್ಕತ್ತೆಗೂ ಹಳೆಯ ನಂಟು. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಸಂಸ್ಥೆಯನ್ನು 1921ರ ಫೆಬ್ರವರಿಯಲ್ಲಿ ವೈಸರಾಯ್ ಲಾರ್ಡ್ ಚೆಲ್ಮ್ಸ್‌ಫರ್ಡ್ ಇಲ್ಲಿಯೇ ಉದ್ಘಾಟಿಸಿದರು. ಅದರ ಕೇಂದ್ರ ಕಚೇರಿ ಗೋಖಲೆ ರಸ್ತೆಯಲ್ಲಿದೆ. 1935ರಲ್ಲಿ ಅದಕ್ಕೆ ಬ್ರಿಟಿಷ್ ದೊರೆಯ ಸನ್ನದು ದೊರೆಯಿತು. ‘ಚಾರ್ಟರ್’ ಎಂದರೆ ಆ ಸನ್ನದೇ.

ಸಂಸ್ಥೆಯ ದೊಡ್ಡ ಉಪಕಾರವೆಂದರೆ 1928ರಿಂದ ನಡೆಸಿದ ಪರೀಕ್ಷೆಗಳು. ಕಾಲೇಜಿಗೆ ಹೋಗುವ ಅನುಕೂಲವಿಲ್ಲದ ಎಷ್ಟೋ ಮಂದಿ ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಓದಿ, ‘ಎ’, ‘ಬಿ’ ವಿಭಾಗಗಳನ್ನು ಪಾಸು ಮಾಡಿ ಪದವೀಧರರಿಗೆ ಸಮನಾದರು.

ಬಿರುದಿಗೆ ಓದಿನೊಡನೆ ಅನುಭವವೂ ಬೇಕು. ಆದ್ದರಿಂದ ಅರ್ಜಿ ಸಿದ್ಧಪಡಿಸುವ ನಮ್ಮ ತರುಣರು ಕಂಪನಿಯ ಹಿರಿಮೆಯನ್ನು ಬಣ್ಣಿಸದೆ, ತಾವೇ ಮಾಡಿದ ಕೆಲಸ, ಹೊತ್ತ ಹೊಣೆಗಳನ್ನು ವರ್ಷವಾರು ಬರೆಯುವುದು ಒಳ್ಳೆಯದು.