ಬೇವರ್ ಸೀ: ವಾರಸಿಲ್ಲದ ಹೆಸರು, ಗಟ್ಟಿ ಗಂಟಲು

ಉಮರ್ಗಾ, ನಿಲಂಗಾ, ಉದಗೀರ ಕಡೆಯವರಿಗೆ 'ವಾರಸ' ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪನ ಹೊಲ ಮಕ್ಕಳ ಹೆಸರಿಗೆ ಮಾಡಿಸಲು ತಲಾಠಿ ಹತ್ತಿರ ಹೋದವರೆಲ್ಲ ಕೇಳಿದ ಶಬ್ದ ಅದು. ವಾರಸುದಾರರಿಲ್ಲದ್ದು ಮರಾಠಿಯಲ್ಲಿ 'ಬೇವಾರಸ'. ಫಾರಸಿಯಿಂದ ಬಂದ ಅದೇ ಮಾತು ಕನ್ನಡದಲ್ಲಿ 'ಬೇವರ್ಸಿ' ಆಗಿ, ಬೈಗುಳವಾಗಿ ಉಳಿದಿದೆ. ಈ ಬೈಗುಳವನ್ನು ಎರಡು ತುಂಡು ಮಾಡಿ, ಎರಡನೆಯ ತುಂಡನ್ನು ಕಡಲು ಎಂಬ ಅರ್ಥದ ಇಂಗ್ಲಿಷ್ ಶಬ್ದವಾಗಿಸಿ, ಬೆಂಗಳೂರಿನ ಒಂದು ರಾಕ್ ತಂಡ ತನಗೆ ಹೆಸರಿಟ್ಟುಕೊಂಡಿತು. ಅದೇ 'ಬೇವರ್ ಸೀ'.

ಯಾರು ಇವರು?

ತಂಡ ಹುಟ್ಟಿದ್ದು 2010ರ ಆಸುಪಾಸಿನಲ್ಲಿ. ಗಾಯಕ ಗಣೇಶ್ ಕೃಷ್ಣಸ್ವಾಮಿ. ಗಿಟಾರ್ ಹಿಡಿದವರು ಶ್ರೀಕಾಂತ್ ಪನಮನ್ ಮತ್ತು ರಾಹುಲ್ ಚಾಕೊ, ಬಾಸ್ ಗಿಟಾರ್ ಅವಿನಾಶ್ ರಾಮಚಂದರ್, ಡ್ರಮ್ಸ್ ದೀಪಕ್ ರಘು.

ಗಣೇಶ್ ಈ ರಂಗಕ್ಕೆ ಹೊಸಬರಾಗಿರಲಿಲ್ಲ. 1998ರಲ್ಲಿ ನೋಲನ್ ಲೂಯಿಸ್ ಜೊತೆ ಸೇರಿ 'ಕ್ರಿಪ್ಟೋಸ್' ಎಂಬ ಹೆವಿ ಮೆಟಲ್ ತಂಡ ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿ ಬಾಸ್ ನುಡಿಸುತ್ತಿದ್ದರು, ಹಾಡುತ್ತಲೂ ಇದ್ದರು. ಅವರು ಬಿಟ್ಟ ಮೇಲೂ ಕ್ರಿಪ್ಟೋಸ್ ಬೆಳೆಯಿತು. 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕೆನ್ ಉತ್ಸವದ ವೇದಿಕೆ ಏರಿತು.

ಬೇವರ್ ಸೀ ತಂಡದ ಮೊದಲ ಆಲ್ಬಂ 2012ರಲ್ಲಿ ತಂಡದ ಹೆಸರಿನಲ್ಲೇ ಬಂತು. 'ಅಬಿಷ್ಟು', 'ಯೂನಿವರ್ಸಲ್ ಸ್ಲೀಪರ್', 'ದ ಸ್ಮೈಲರ್', 'ಮೋನೋ ನೋಮ್' ಅದರ ಹಾಡುಗಳು. ಸಿನಿಮಾ ಹಾಡಿನ ಐದು ನಿಮಿಷದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹತ್ತು ನಿಮಿಷ ದಾಟುವ ಹಾಡೂ ಇದೆ. ಎರಡನೆಯ ಆಲ್ಬಂ 'ಇನ್‌ವೋಕ್ ದ ಬಿಝಾರ್' 2015ರಲ್ಲಿ ಬಂತು.

ಇದೆಂಥ ಸಂಗೀತ?

ಇದಕ್ಕೆ 'ಸ್ಟೋನರ್' ಅಥವಾ 'ಡೂಮ್' ಎನ್ನುತ್ತಾರೆ. ನಿಧಾನ ನಡೆ, ಭಾರವಾದ ನಾದ. ಇದರ ಬೇರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆ ಊರಿನಲ್ಲಿದೆ. ಅಲ್ಲಿನ 'ಬ್ಲ್ಯಾಕ್ ಸಬ್ಬತ್' ತಂಡದ ಮೊದಲ ಆಲ್ಬಂ ಬಂದದ್ದು 1970ರಲ್ಲಿ. ಗಿಟಾರ್ ವಾದಕ ಟೋನಿ ಐಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡಿದ್ದರು. ಆ ಬೆರಳುಗಳಿಗೆ ಟೋಪಿ ಹಾಕಿಕೊಂಡು ನುಡಿಸಿದರು. ಮುಂದೆ ತಂತಿಗಳನ್ನು ಸಡಿಲ ಬಿಟ್ಟು ಶ್ರುತಿಯನ್ನೇ ಇಳಿಸಿದರು. ತಂತಿ ಸಡಿಲವಾದಷ್ಟೂ ನಾದ ಮಂದ್ರಕ್ಕಿಳಿಯುತ್ತದೆ. ಒಬ್ಬ ಕೂಲಿಗಾರ ಹುಡುಗನ ಗಾಯ ಹೀಗೆ ಒಂದು ಸಂಗೀತದ ಗುರುತಾಯಿತು! ಅದೇ ತಂಡದ ಗಾಯಕ ಆಝಿ ಆಸ್ಬರ್ನ್ 2025ರ ಜುಲೈಯಲ್ಲಿ ತೀರಿಕೊಂಡರು.

ಬೆಂಗಳೂರಿಗೆ ಈ ರುಚಿ ಹಳೆಯದು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ 'ಐರನ್ ಮೇಡನ್', 2011ರ ಅಕ್ಟೋಬರ್‌ನಲ್ಲಿ 'ಮೆಟಾಲಿಕಾ' ಹಾಡಿದಾಗ ಜನ ಕಿಕ್ಕಿರಿದಿದ್ದರು.

ದನಿಯ ಗುಟ್ಟು

ಎರಡು ಗಿಟಾರ್, ಒಂದು ಬಾಸ್, ಮೂರೂ ಮಂದ್ರದಲ್ಲಿ ಒಂದೇ ಸಾಲನ್ನು ನುಡಿಸಿದರೆ ಗೋಡೆ ಎದ್ದಂತೆ. ಸಾಧಾರಣ ಗಂಟಲು ಅದರಡಿ ಮುಚ್ಚಿಹೋಗುತ್ತದೆ. ಮನುಷ್ಯನ ಕಿವಿ ಚುರುಕಾಗಿ ಕೇಳುವುದು 2,000ದಿಂದ 4,000 ಹರ್ಟ್ಸ್ ನಡುವಿನ ನಾದವನ್ನು. ಗಾಯಕನ ದನಿಗೆ ಅಲ್ಲಿ ಅಂಚು ಇದ್ದರೆ ಮಾತ್ರ ಆ ಗೋಡೆಯನ್ನು ಸೀಳಿ ಹೊರಬರುತ್ತದೆ.

ಗಣೇಶ್ ಅವರ ದೊಡ್ಡಸ್ತಿಕೆ ಇರುವುದು ಇಲ್ಲಿಯೇ. ಗಂಟಲು ಒರಟು, ಆದರೆ ಸ್ವರ ತಪ್ಪುವುದಿಲ್ಲ. ಎದೆಯಿಂದ ಎತ್ತಿ ಹಾಡುತ್ತಾರೆ. ಕಿರುಚಿದಂತೆ ಕೇಳಿದರೂ ಅದು ಬರೀ ಕಿರುಚಾಟವಲ್ಲ, ಹಾಡೇ.

ಗಡಿಭಾಗದವರಿಗೆ ಇಂಥ ಗಂಟಲು ಹೊಸದಲ್ಲ. ಬಾರ್ಶಿಯಲ್ಲಿ ಹುಟ್ಟಿದ ಶಾಹೀರ ಅಮರ ಶೇಖ್ ಅವರ ದನಿಯನ್ನು ಹಳಬರು ನೆನೆಯುತ್ತಾರೆ. ಬೆಳಗಾವಿ ಕಡೆಯ ಹುಕ್ಕೇರಿ ಬಾಳಪ್ಪನವರ ಜನಪದ ಹಾಡನ್ನೂ ಮರೆತಿಲ್ಲ. ಪೊವಾಡಾ ಇರಲಿ, ಗೀಗಿ ಪದ ಇರಲಿ, ಕೆಳಗೆ ತುಂತುಣಿ ಒಂದೇ ಸಮನೆ ಮಿಡಿಯುತ್ತಿದ್ದರೆ ಮೇಲೆ ಗಂಟಲು ಏರುತ್ತದೆ. ಬೇವರ್ ಸೀ ಹಾಡುಗಳಲ್ಲಿ ತುಂತುಣಿಯ ಜಾಗದಲ್ಲಿ ಗಿಟಾರ್ ಇದೆ.

ಅಂಡರ್‌ಗ್ರೌಂಡ್ ಅಂದರೆ?

ಭೂಗತ ಲೋಕ ಅಂತ ಗಾಬರಿ ಬೇಡ. ಸಿನಿಮಾ, ಟೀವಿ, ದೊಡ್ಡ ಕ್ಯಾಸೆಟ್ ಕಂಪನಿಗಳ ಹಂಗಿಲ್ಲದೆ ನಡೆಯುವ ಸಂಗೀತ ಎಂದಷ್ಟೇ ಅರ್ಥ. ಬೇವರ್ ಸೀ ಮೊದಲ ಆಲ್ಬಂ ಅನ್ನು ತಂಡವೇ ಸ್ವಂತವಾಗಿ ಹೊರತಂದಿತು. ಇಂಥ ಹಾಡು ರೇಡಿಯೋದಲ್ಲಿ ಬಾರದು, ಮದುವೆ ಮಂಟಪಕ್ಕೂ ಒಗ್ಗದು. ಕೇಳುವವರು ಒಬ್ಬರಿಂದೊಬ್ಬರಿಗೆ ಹೇಳಿಯೇ ಹಬ್ಬಬೇಕು. ಹೆಸರಿಗೆ ತಕ್ಕಂತೆ ಹೊರಗಿನ ವಾರಸುದಾರರಿಲ್ಲ, ಹಾಗಾಗಿ ಹೀಗೆ ಹಾಡಿ ಎಂದು ಹೇಳುವ ಧಣಿಯೂ ಇಲ್ಲ.

ಕನ್ನಡ ಎಲ್ಲಿ?

ಇದು ನ್ಯಾಯವಾದ ಪ್ರಶ್ನೆ. ಹೆಸರಿನಲ್ಲಿ, 'ಅಬಿಷ್ಟು'ವಿನಂಥ ತಲೆಬರಹದಲ್ಲಿ ಕನ್ನಡ ನೆಲದ ಬೈಗುಳ ಇದೆ. ಸಾಹಿತ್ಯ ಮಾತ್ರ ಇಂಗ್ಲಿಷಿನದು. ಇಂಥ ಗಂಟಲಿಗೆ ಕನ್ನಡದ ಗಡಸು ಮಾತು ಸಿಕ್ಕಿದ್ದರೆ ಹೇಗಿರುತ್ತಿತ್ತು ಎಂಬ ಆಸೆ ಉಳಿಯುತ್ತದೆ. ಕೊರತೆ ಎಂದರೆ ಇದೊಂದೇ.

ಆದರೂ ಈ ಹೆಸರು ಇಲ್ಲಿನವರಿಗೆ ಬೇರೆ ರೀತಿ ತಾಗೀತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ ಜಿಲ್ಲೆ ಮೈಸೂರಿಗೆ ಸೇರಿತು, ಅದರ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಆಗಿನಿಂದ ಇಲ್ಲಿನ ಕನ್ನಡಕ್ಕೆ ವಾರಸುದಾರರು ಯಾರು ಎಂದು ಕೇಳಿದರೆ, ಮನೆಯಲ್ಲಿ ಅದನ್ನು ಆಡುವವರೇ. ಯಾರೂ ಹಕ್ಕು ಹೇಳದ್ದನ್ನು ಉಳಿಸುವುದು ಬಾಯಿಬಿಟ್ಟು ಆಡುವವರು, ಹಾಡುವವರು.

ಮೊದಲ ಬಾರಿಗೆ ಕೇಳುವವರು 'ಅಬಿಷ್ಟು'ವಿನಿಂದ ಆರಂಭಿಸಬಹುದು. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಬಾಸ್ ಕೇಳಿಸದು, ಹೆಡ್‌ಫೋನ್ ಇರಲಿ. ಮನೆಯಲ್ಲಿ ಹಿರಿಯರು ಮಲಗಿದ್ದರಂತೂ ಇರಲೇಬೇಕು!